ಮಾವಿನ ಗಿಡಕ್ಕೆ ಸೋಡಾ ಗ್ಯಾಸಿನ ಕಾವಲು

ಪ್ರಭುರಾಜ ಯಾರ ಮಾತನ್ನೂ ಅರ್ಧಕ್ಕಿಂತ ಹೆಚ್ಚು ಕೇಳಿದವನಲ್ಲ. ಉಳಿದರ್ಧ ತನಗೆ ಮೊದಲೇ ಗೊತ್ತು ಎಂಬುದು ಅವನ ಗಾಢ ನಂಬಿಕೆ. ಗಂಗಾವತಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಈ ನಂಬಿಕೆಯ ಮೇಲೆಯೇ ಬದುಕು ಸುಸೂತ್ರವಾಗಿ ನಡೆದಿತ್ತು. ಅಲ್ಲಿ ಪೂರ್ತಿ ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ವ್ಯತ್ಯಾಸ ಯಾರ ಗಮನಕ್ಕೂ ಬಂದಿರಲಿಲ್ಲ. ಎದುರಿನವರ ಮಾತು ನಡುವಿಗೆ ಬರುತ್ತಿದ್ದಂತೆ ಅವನು ಕೈ ಎತ್ತಿ "ಅದರಾಗೇನೈತಿ?" ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು ಎಂದರ್ಥ.

ಮೇ ತಿಂಗಳ ಒಂದು ಭಾನುವಾರ ಅವನು ಈ ಮಾತನ್ನು ತಾವರಗೇರಾದಲ್ಲಿ, ಮಾವನ ಮನೆಯ ಪಡಸಾಲೆಯಲ್ಲಿ, ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿದ್ದಾಗ ಆಡಿದ. ಎಲ್ಲವೂ ಅಲ್ಲಿಂದಲೇ ಶುರುವಾಯಿತು.

ಮಾವ ದೇವೇಂದ್ರಪ್ಪನ ಹಿತ್ತಲಲ್ಲಿ ಒಂದು ಮಾವಿನ ಗಿಡವಿತ್ತು. ಆ ವರ್ಷದ ಫಸಲಿನಲ್ಲಿ ಮುಕ್ಕಾಲು ಪಾಲನ್ನು ಮಂಗಗಳು ತಿಂದಿದ್ದವು. ಉಳಿದಿದ್ದು ಮೇಲಿನ ಕೊಂಬೆಯ ಎರಡು ಗೊಂಚಲು. ಈ ಎರಡು ಗೊಂಚಲಿನ ಮೇಲೆ ಯಲಬುರ್ಗಾಕ್ಕೆ ಕೊಟ್ಟ ಕಿರಿಯ ಮಗಳು ಮಹೇಶ್ವರಿಯ ಕಣ್ಣಿತ್ತು. ಅವಳಿಗೆ ಏಳು ತಿಂಗಳು. ಗುರುವಾರ ತವರಿನಲ್ಲಿ ಕುಬಸ, ಅಂದರೆ ಸೀಮಂತ. ಬಸುರಿಯ ಬಯಕೆ ಏನೆಂದು ಫೋನಿನಲ್ಲಿ ಕೇಳಿದಾಗ ಅವಳು ಒಂದೇ ಉಸಿರಿನಲ್ಲಿ ಹೇಳಿದ್ದಳು: "ಹಿತ್ತಲದ ಮಾವಿನಹಣ್ಣು ಬೇಕಪಾ. ಗಿಡದಾಗ ಹಣ್ಣಾಗಿದ್ದು. ಹುಲ್ಲಾಗ ಇಟ್ಟು ಹಣ್ಣ ಮಾಡಿದ್ದು ತಂದ್ರ ನನಗ ವಾಸನಿಯಿಂದನ ಗೊತ್ತಾಕೈತಿ."

"ಇವತ್ತ ಕಿತ್ತು ಹುಲ್ಲಾಗ ಇಡೋದ ವಾಸಿ," ಎಂದ ದೇವೇಂದ್ರಪ್ಪ. "ಗುರುವಾರತನಕ ಬಿಟ್ರ ಮಂಗ್ಯಾ ಒಂದೂ ಉಳಸಂಗಿಲ್ಲ. ಆಕಿಗೆ ಏನಾರ ಒಂದು ಹೇಳಿದ್ರಾತು."

"ಬಸುರಿಗೆ ಸುಳ್ಳು ಹೇಳ್ತೀರೇನು?" ಎಂದು ಅಡುಗೆಮನೆಯಿಂದ ಅತ್ತೆ ಹಂಪವ್ವನ ಧ್ವನಿ ಬಂತು.

"ಮತ್ತೇನ ಮಾಡ್ಲಿ? ಮಂಗ್ಯಾಕ ಸುಳ್ಳು ಹೇಳಾಕ ಬರ್ತೈತೇನು?"

ಆಗ ಪ್ರಭುರಾಜ ಕೈ ಎತ್ತಿದ. "ಅದರಾಗೇನೈತಿ ಮಾವಾರ? ಗಿಡದಾಗ ಇರಲಿ. ಗುರುವಾರತನಕ ಒಂದ ಹಣ್ಣಿಗೂ ಮಂಗ್ಯಾನ ಕೈ ಹತ್ತಂಗಿಲ್ಲ. ವೈಜ್ಞಾನಿಕ ಉಪಾಯ ಐತಿ. ಜವಾಬ್ದಾರಿ ನಂದು."

ಹೆಂಡತಿ ಲಲಿತಾ ಎಲೆಯಡಿಕೆ ತಟ್ಟೆಯಿಂದ ತಲೆ ಎತ್ತಿ ಗಂಡನನ್ನು ನೋಡಿದಳು. ಈ ಮನೆಯ ಹಿರಿಯ ಅಳಿಯ ಇಲ್ಲಿಯವರೆಗೆ ಹೊತ್ತ ಅತಿ ದೊಡ್ಡ ಜವಾಬ್ದಾರಿಯೆಂದರೆ ಬಡಿಸಿದ ಹೋಳಿಗೆಯನ್ನು ಉಳಿಸದಿರುವುದು.

ಹಂಪವ್ವ ಸೆರಗಿಗೆ ಕೈ ಒರೆಸುತ್ತ ಹೊರಬಂದಳು. "ಉಪಾಯ ಏನರ ಇರಲಿ ಅಳಿಯಾರ. ಮಂಗ್ಯಾಗ ಪೆಟ್ಟಾಗಬಾರ್ದು. ಹನುಮಪ್ಪನ ಶನಿವಾರ ಹಿಡಿದಾಕಿ ನಾನು. ಅದರಾಗ ಬಸುರಿ ಬರೋ ಮನಿ."

"ಹೂ ಒಗದಂಗ ಒಗೀತೀನ್ರಿ ಅತ್ತಿ," ಎಂದ ಪ್ರಭುರಾಜ. ಹೂವಿನಂಥದ್ದು ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನೂ ಹೇಳುತ್ತಿರಲಿಲ್ಲ. ಅವನ ತಲೆಯಲ್ಲಿದ್ದದ್ದು ಗೋವಿಂದರಾಜನ ಮನೆಯ ಅಟ್ಟ.

ಗೆಳೆಯ ಗೋವಿಂದರಾಜ ಹಿಂದೊಮ್ಮೆ ಹೇಮಗುಡ್ಡದ ದಾರಿಯಲ್ಲಿ ಪೇಂಟ್‌ಬಾಲ್ ಆಟದ ಬಯಲು ತೆರೆದಿದ್ದ. ಹುಡುಗರು ಬಂದು ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆದುಕೊಂಡು ಸಂತೋಷಪಡುತ್ತಾರೆ ಎಂದು ಅವನ ಎಣಿಕೆ. ಹುಡುಗರು ಬಂದರು, ಬೇಲಿಯಾಚೆ ನಿಂತು ನೋಡಿದರು, "ಇದನ್ನ ಹೋಳಿಹುಣ್ಣಿಮ್ಯಾಗ ಪುಕ್ಕಟೆ ಆಡ್ತೀವಲ್ರಿ" ಎಂದು ಹೊರಟುಹೋದರು. ಈಗ ಆ ಬಯಲಿನಲ್ಲಿ ಅವನ ಎಮ್ಮೆ ಮೇಯುತ್ತಿತ್ತು.

ಸೋಮವಾರ ಸಂಜೆ ಗೋವಿಂದರಾಜ ಅಟ್ಟದಿಂದ ಒಂದು ಬಂದೂಕು ಇಳಿಸಿ ಧೂಳು ಊದಿದ. "ಇದಕ ಬಂದೂಕು ಅನಬ್ಯಾಡ. ಮಾರ್ಕರ್ ಅನಬೇಕು," ಎಂದ. ಮೇಲೊಂದು ಬುಟ್ಟಿಯಂಥದ್ದು. ಅದರೊಳಗೆ ಗೋಲಿಯ ಗಾತ್ರದ ಗುಂಡುಗಳು, ಗುಂಡಿನೊಳಗೆ ಕೇಸರಿ ಬಣ್ಣದ ನೀರು. ಕೆಳಗೆ ನೆಟ್ಟಗೆ ತೂಗುವ, ನೀರಿನ ಬಾಟಲಿಯಷ್ಟು ದೊಡ್ಡ ಸಿಲಿಂಡರ್. ಸಿಲಿಂಡರಿಗೂ ಮಾರ್ಕರಿಗೂ ನಡುವೆ ಮುಷ್ಟಿಯಷ್ಟು ಗಾತ್ರದ ಒಂದು ಲೋಹದ ಗುಬುಟು.

"ಇದು ರೆಗ್ಯುಲೇಟರ್," ಎಂದ ಗೋವಿಂದರಾಜ ಅದನ್ನು ಮುದ್ದಿನಿಂದ ಸವರಿ. "ಸಿಲಿಂಡರದಾಗ ಕಾರ್ಬನ್ ಡೈಆಕ್ಸೈಡ್ ಇರ್ತೈತಿ. ಕೆಳಗ ನೀರಾಗಿ ಕುಂತಿರ್ತೈತಿ, ಮ್ಯಾಲ ಗಾಳಿಯಾಗಿ ನಿಂತಿರ್ತೈತಿ. ಬಿಸಲ ಏರಿದಂಗ ಅದರ ಸಿಟ್ಟೂ ಏರ್ತೈತಿ. ಈ ರೆಗ್ಯುಲೇಟರ್ ಆ ಸಿಟ್ಟು ತಡದು ಗುಂಡಿಗೆ ಒಂದ ಅಳತಿ ಗಾಳಿ ಬಿಡ್ತೈತಿ. ಕಡಿಮಿ ಇಟ್ಟು ಕೊಡ್ತೀನಿ. ಕೊಂಬಿಗೆ ಹೊಡಿ, ಮಂಗ್ಯಾಗ ಹೊಡೀಬ್ಯಾಡ."

"ಅದರಾಗೇನೈತಿ?"

"ಐತಿ, ಕೇಳು. ಸಿಲಿಂಡರ ಯಾವಾಗ್ಲೂ ನೆಟ್ಟಗ ಇರಬೇಕು. ಮಲಗಿಸಿದಿ ಅಂದ್ರ ಆ ನೀರು ರೆಗ್ಯುಲೇಟರ್ ಒಳಗ ನುಗ್ಗಿ..."

ನುಗ್ಗಿ ಏನಾಗುತ್ತದೆ ಎಂಬುದನ್ನು ಗೋವಿಂದರಾಜ ತುಂಬ ಚೆನ್ನಾಗಿ, ಕೈ ಬಾಯಿ ತಿರುಗಿಸಿ, ಉದಾಹರಣೆ ಸಮೇತ ವಿವರಿಸಿದ. ಆ ಹೊತ್ತಿಗೆ ಪ್ರಭುರಾಜ ಆಟದ ಮುಖವಾಡ ತೊಟ್ಟು ಬೈಕಿನ ಕನ್ನಡಿಯಲ್ಲಿ ತನ್ನನ್ನು ಎಡದಿಂದಲೂ ಬಲದಿಂದಲೂ ನೋಡಿಕೊಳ್ಳುತ್ತಿದ್ದ. ವಿವರಣೆಯನ್ನು ಪೂರ್ತಿ ಕೇಳಿದ್ದು, ಹಾಲು ಕರೆಯಲು ಅಂಗಳಕ್ಕೆ ತಂದು ಕಟ್ಟಿದ್ದ ಎಮ್ಮೆಯೊಂದೇ.

ಸಿಲಿಂಡರಿಗೆ ಗ್ಯಾಸು ತುಂಬಿಸಲು ಅವನು ಬಸ್‌ಸ್ಟ್ಯಾಂಡಿನ ಹಿಂದಿನ ಮುಷರಫನ ಗೋಲಿ ಸೋಡಾ ಅಂಗಡಿಗೆ ಹೋದ. ಮುಷರಫ ಅಂಗಡಿಗೆ ಬಂದವರ ಮುಖ ನೋಡುತ್ತಿರಲಿಲ್ಲ.

"ಸಾದಾನೋ, ಲಿಂಬುನೋ?"

"ಸೋಡಾ ಬ್ಯಾಡ ಭಾಯಿ. ಇದರಾಗ ಗ್ಯಾಸ್ ಅಷ್ಟ ತುಂಬ್ರಿ."

ಮುಷರಫ ಈಗ ಮುಖ ನೋಡಿದ. "ನೀರಿಲ್ಲದ ಸೋಡಾನಾ? ಯಾರಿಗೆ ಸಾಹೇಬ್ರ?"

"ಮಂಗ್ಯಾಗ."

ಮುಷರಫ ಸ್ವಲ್ಪ ಯೋಚಿಸಿ ತಲೆಯಾಡಿಸಿದ. "ತೇಗು ಬರ್ತಾವು. ತಾವ ಓಡಿ ಹೋಗ್ತಾವು. ಛಲೋ ಉಪಾಯ ಐತ್ರಿ."

ಮಂಗಳವಾರ ಪ್ರಭುರಾಜ ಕಚೇರಿಗೆ ರಜೆ ಹಾಕಿ, ಮಾರ್ಕರನ್ನು ಕೌದಿಯಲ್ಲಿ ಸುತ್ತಿ, ಕನಕಗಿರಿಯ ಮೇಲೆ ಹೋಗುವ ಬಸ್ಸು ಹತ್ತಿ ತಾವರಗೇರಾಕ್ಕೆ ಬಂದಿಳಿದ.

"ರಜಾಕ್ಕ ಏನು ಕಾರಣ ಕೊಟ್ರಿ?" ಎಂದು ದೇವೇಂದ್ರಪ್ಪ ಕೇಳಿದ.

"ನಿಮಗ ಆರಾಮಿಲ್ಲ ಅಂತ ಹೇಳೀನ್ರಿ."

"ಏನಾಗೈತಂತ ನನಗ?"

"ಎದಿ ನೋವು."

ದೇವೇಂದ್ರಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ನೆಗಡಿ ಅಂದಿದ್ರ ಸಾಕಾಗ್ತಿತ್ತು ನೋಡ್ರಿ."

ಮೊದಲ ಪ್ರಯೋಗ ಹಿತ್ತಲ ಗೋಡೆಯ ಮೇಲೆ ನಡೆಯಿತು. ಟಪ್ ಎಂಬ ಸದ್ದು. ಗೋಡೆಯ ಮೇಲೆ ಅಂಗೈ ಅಗಲದ ಕೇಸರಿ ಹೂವೊಂದು ಅರಳಿತು. ಕುಬಸಕ್ಕೆಂದು ಆ ಗೋಡೆಗೆ ಹಿಂದಿನ ದಿನವಷ್ಟೇ ಸುಣ್ಣ ಬಳಿಸಿದ್ದ ಹಂಪವ್ವ ಆ ಹೂವನ್ನು ಬಹಳ ಹೊತ್ತು ನೋಡಿದಳು. ಅಳಿಯನಿಗೆ ಏನೂ ಅನ್ನುವಂತಿಲ್ಲ. ಆದ್ದರಿಂದ ಗಂಡನಿಗೆ ಅಂದಳು.

ಪಕ್ಕದ ಮನೆಯ ದ್ಯಾಮಣ್ಣ ಗೋಡೆಯ ಮೇಲಿಂದ ತಲೆ ಹಾಕಿದ. ದ್ಯಾಮಣ್ಣ ನಿವೃತ್ತ ಲೈನ್‌ಮನ್. ನಿವೃತ್ತಿಯಾದ ಮೇಲೂ ಅಂಗಿಯ ಕಿಸೆಯಲ್ಲಿ ಇಕ್ಕಳ ಇಟ್ಟುಕೊಂಡೇ ತಿರುಗುತ್ತಿದ್ದ. ಜಗತ್ತಿನ ಯಾವ ಯಂತ್ರ ನೋಡಿದರೂ ಅವನ ಮೊದಲ ಪ್ರಶ್ನೆ ಒಂದೇ.

"ಎಷ್ಟ ವೋಲ್ಟಿಂದ್ರಿ ಇದು?"

"ಕರೆಂಟಿಂದಲ್ರಿ. ಗ್ಯಾಸಿಂದು."

"ಗ್ಯಾಸಾ!" ಎಂದು ದ್ಯಾಮಣ್ಣ ತಲೆಯನ್ನು ಅರ್ಧ ಕೆಳಗಿಳಿಸಿದ. ಅವನಿಗೆ ಕರೆಂಟಿನ ಭಯ ಎಂದೂ ಇರಲಿಲ್ಲ. ಗ್ಯಾಸಿನ ಭಯ ವಿಪರೀತ.

ಬುಧವಾರ ಮಂಗಗಳ ಹಿಂಡು ಬಂತು. ಹಿಂಡಿನ ಯಜಮಾನನ ಒಂದು ಕಿವಿ ಹರಿದಿತ್ತು. ಪ್ರಭುರಾಜ ಮುಖವಾಡ ಹಾಕಿ ಅದರ ಪಕ್ಕದ ಕೊಂಬೆಗೆ ಹೊಡೆದ. ಕೇಸರಿ ಬಣ್ಣ ಚಿಮ್ಮಿತು. ಹರಿದ ಕಿವಿಯ ಮಂಗ ಗೋಡೆಗೆ ನೆಗೆದು, ತಿರುಗಿ ಕುಳಿತು, ಬಣ್ಣವನ್ನೂ ಪ್ರಭುರಾಜನನ್ನೂ ಮಾರ್ಕರನ್ನೂ ಬಾರಿಬಾರಿಗೂ ನೋಡಿತು. ಸಂಜೆಯ ತನಕ ಇದೇ ನಡೆಯಿತು. ಓಣಿಯ ಜನ ನೋಡಲು ಬಂದರು. ಜನ ಬಂದಷ್ಟೂ ಪ್ರಭುರಾಜನ ಕೈ ಚುರುಕಾಯಿತು. ಮಂಗವಿಲ್ಲದ ಕೊಂಬೆಗೂ ಹೊಡೆದು ತೋರಿಸಿದ. ಹೊತ್ತು ಮುಳುಗಿದಾಗ ಎರಡೂ ಗೊಂಚಲು ಗಿಡದಲ್ಲೇ ಇದ್ದವು, ಬಣ್ಣ ತಿರುಗಿ ಹಳದಿಯಾಗುತ್ತಿದ್ದವು. ಅಂದು ರಾತ್ರಿ ಊಟಕ್ಕೆ ಮೊದಲು ಈ ಮನೆಯಲ್ಲಿ ಅವನಿಗೆ ಪ್ರಥಮ ಬಾರಿಗೆ ಸ್ಟೀಲ್ ಲೋಟದ ಬದಲು ಕಪ್ಪು-ಬಸಿಯಲ್ಲಿ ಚಹಾ ಬಂತು. ಕಪ್ಪು-ಬಸಿ ಆ ಮನೆಯಲ್ಲಿ ಬೀಗರಿಗೆ ಮತ್ತು ಡಾಕ್ಟರಿಗೆ ಮಾತ್ರ.

ಗುರುವಾರ ಬೆಳಿಗ್ಗೆ ಓಣಿಯ ಮೂರು ಮನೆಗಳ ಒಲೆಗಳ ಮೇಲೆ ಕುಬಸದ ಅಡುಗೆ ಏರಿತ್ತು. ಒಂದರಲ್ಲಿ ಹೂರಣ, ಒಂದರಲ್ಲಿ ಕಟ್ಟಿನ ಸಾರು, ಒಂದರಲ್ಲಿ ಅನ್ನ. ಬೀಗರು ಯಲಬುರ್ಗಾ ಬಿಟ್ಟಾಗಿದೆ ಎಂದು ಫೋನು ಬಂದಿತ್ತು. ಮಂಗಗಳಿಗೂ ಫೋನು ಹೋಗಿತ್ತೋ ಏನೋ, ಅಂದು ಬೇಗನೆ ಬಂದವು. ಪ್ರಭುರಾಜ ಗುರಿಯಿಟ್ಟು ಒತ್ತಿದ. ಗುಂಡು ಕೊಳವೆಯಿಂದ ನಿಧಾನವಾಗಿ ಹೊರಬಂದು ಅವನ ಕಾಲ ಹೆಬ್ಬೆರಳ ಪಕ್ಕದಲ್ಲಿ ಬಿತ್ತು. ಇನ್ನೊಮ್ಮೆ ಒತ್ತಿದ. ಇನ್ನೊಂದು ಹೆಬ್ಬೆರಳ ಪಕ್ಕದಲ್ಲಿ ಬಿತ್ತು. ಹರಿದ ಕಿವಿಯ ಮಂಗ ಇದನ್ನು ಗಮನಿಸಿ ಒಂದು ಕೊಂಬೆ ಕೆಳಗಿಳಿಯಿತು.

"ಅಳಿಯಾರ, ಗ್ಯಾಸ್ ಮುಗಿಯಾಕ ಬಂದೈತಿ," ಎಂದು ಹಂಪವ್ವ ಅಡುಗೆಮನೆಯ ಕಿಟಕಿಯಿಂದ ಹೇಳಿದಳು. "ಸಿಲಿಂಡರ ಮಲಗಸ್ರಿ. ಬಿಸಿನೀರಾಗ ಇಡ್ರಿ. ನಮ್ಮದು ಹಂಗ ಮಾಡಿದ್ರ ಇನ್ನೂ ಎರಡು ಹೊತ್ತಿನ ಅಡಿಗಿ ಆಕೈತಿ."

ಇದು ಬರೀ ಸಲಹೆಯಲ್ಲ, ಊರಿನ ಧರ್ಮ. ತಾವರಗೇರಾದ ಯಾವ ಮನೆಯಲ್ಲೂ ಗ್ಯಾಸ್ ಸಿಲಿಂಡರ್ ನಿಂತುಕೊಂಡೇ ಪ್ರಾಣ ಬಿಟ್ಟ ಉದಾಹರಣೆ ಇಲ್ಲ. ಕೊನೆಗಾಲದಲ್ಲಿ ಅದನ್ನು ಮಲಗಿಸುತ್ತಾರೆ, ಹೊರಳಿಸುತ್ತಾರೆ, ಬುಡಕ್ಕೆ ಬಿಸಿನೀರು ಹೊಯ್ಯುತ್ತಾರೆ. ಒಲೆಯ ಮೇಲಿನ ಕೊನೆಯ ರೊಟ್ಟಿ ಬೇಯುವ ತನಕ ಅದಕ್ಕೆ ಬಿಡುಗಡೆಯಿಲ್ಲ.

ಪ್ರಭುರಾಜ ತಡೆದ. ಗೋವಿಂದರಾಜ ಮಲಗಿಸುವ ವಿಷಯ ಏನೋ ಹೇಳಿದ್ದ. ಮಲಗಿಸು ಎಂಬ ಮಾತು ಸ್ಪಷ್ಟವಾಗಿ ನೆನಪಿತ್ತು. ಮಲಗಿಸು ಎಂದನೋ ಮಲಗಿಸಬೇಡ ಎಂದನೋ ಎಂಬಷ್ಟು ಮಾತ್ರ ನೆನಪಿರಲಿಲ್ಲ.

"ಅದರಾಗೇನೈತಿ?" ಎಂದು ತನಗೆ ತಾನೇ ಹೇಳಿಕೊಂಡು, ಬಟ್ಟೆ ಒಗೆಯುವ ದೊಡ್ಡ ಟಬ್ಬನ್ನು ಗಿಡದ ಕೆಳಗೆ ಎಳೆದು, ಹಂಡೆಯಿಂದ ಬಿಸಿನೀರು ತಂದು ಬುಡ ಮುಚ್ಚುವಷ್ಟು ಸುರಿದು, ಮಾರ್ಕರ್ ಸಮೇತ ಸಿಲಿಂಡರನ್ನು ಅದರಲ್ಲಿ ಅಡ್ಡ ಮಲಗಿಸಿದ. ಕೂಸಿಗೆ ಎರೆಯುವಂತೆ ಬೊಗಸೆಯಲ್ಲಿ ನೀರು ಹೊಯ್ದ. ಕೂಸು ಕೊಂಚ ಹೊತ್ತು ಸುಮ್ಮನಿತ್ತು.

ಆಮೇಲೆ "ಬುಸ್" ಎಂದಿತು.

ನಾಗರಹಾವಿನ ಬುಸ್ಸಿಗಿಂತ ದೊಡ್ಡದು, ನಿಲ್ಲದ ಬುಸ್ಸು. ರೆಗ್ಯುಲೇಟರಿನ ಸಂದಿಯಿಂದ ಬೆಳ್ಳನೆ ಹೊಗೆ ಉಕ್ಕಿತು. ನೆತ್ತಿ ಸುಡುವ ಬಿಸಿಲಿನಲ್ಲಿ ರೆಗ್ಯುಲೇಟರಿಗೆ ಹಿಮದ ಬಿಳಿಯ ಗಡ್ಡ ಮೂಡಿತು. ಟಬ್ಬಿನ ಅಂಚು ದಾಟಿ ಮಂಜು ನೆಲಕ್ಕೆ ಇಳಿಯತೊಡಗಿತು. ಮಂಗಗಳು ಹಾವು ಕಂಡಂತೆ ಕಿರುಚಿ ಗಿಡ, ಗೋಡೆ, ಓಣಿ ದಾಟಿ ಕಾಣೆಯಾದವು. ಕಾವಲಿನ ದೃಷ್ಟಿಯಿಂದ ಇದು ಮೂರು ದಿನಗಳಲ್ಲೇ ಅತಿ ದೊಡ್ಡ ಯಶಸ್ಸು. ಆದರೆ ಅದನ್ನು ಗುರುತಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಲಲಿತಾ ಓಡಿಬಂದು, ಗ್ಯಾಸು ಸೋರಿದರೆ ಒದ್ದೆ ಬಟ್ಟೆ ಹಾಕಬೇಕೆಂದು ಎಲ್ಲೋ ಕೇಳಿದ್ದನ್ನು ನೆನೆದು, ಒದ್ದೆ ಟವೆಲೊಂದನ್ನು ದೂರದಿಂದಲೇ ಅದರ ಮೇಲೆ ಎಸೆದಳು. ಟವೆಲು ಕಣ್ಣೆದುರೇ ಸೆಟೆದು, ಬಿಸಿಲಿಗೆ ಒಣಗಿದ ಹಪ್ಪಳದಂತೆ ನಿಂತಿತು.

"ಟವೆಲ್ ಸತ್ತು ಹೋತ್ರೀ!" ಎಂದಳು ಲಲಿತಾ.

ಗೋಡೆಯಾಚೆ ದ್ಯಾಮಣ್ಣನಿಗೆ ಇಷ್ಟು ಸಾಕಾಯಿತು. "ಗ್ಯಾಸ್ ಲೀಕ್! ಯಾರೂ ಕಡ್ಡಿ ಗೀರಬ್ಯಾಡ್ರಿ! ಒಲಿ ಆರಸ್ರಿ!" ಎಂದು ಕೂಗುತ್ತ ಅವನು ಓಣಿಯ ತುದಿಯ ಕಂಬಕ್ಕೆ ಓಡಿ, ಇಕ್ಕಳ ತೆಗೆದು, ಫ್ಯೂಸ್ ಕಿತ್ತ. ನಿವೃತ್ತಿಯ ನಂತರ ಕೈಗೆ ಬಂದ ಮೊದಲ ಕೆಲಸ. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದನೆಂದರೆ ಹಿಂದಿನ ಓಣಿಯ ಕರೆಂಟೂ ಹೋಯಿತು.

ಮೂರೂ ಒಲೆಗಳು ಆರಿದವು. ಹೂರಣ ಅರ್ಧ ಬೆಂದು ನಿಂತಿತು. ಬೀಡಿ ಸೇದುತ್ತಿದ್ದವರು ಬೀಡಿಯನ್ನು ಚರಂಡಿಗೆ ಎಸೆದರು. ಬೈಕಿನಲ್ಲಿ ಬಂದವರು ಇಳಿದು ತಳ್ಳಿಕೊಂಡು ಹೋದರು. ಹೆಂಗಸರು ಮಕ್ಕಳನ್ನು ಕರೆದುಕೊಂಡು ಓಣಿಯ ಬಾಯಿಗೆ ಬಂದು ನಿಂತು, ಅಲ್ಲಿಂದ ಕತ್ತು ಚಾಚಿ ಹಿತ್ತಲ ಕಡೆ ನೋಡಿದರು. ಭಯ ಎಷ್ಟಿತ್ತೋ ನೋಡುವ ಆಸೆಯೂ ಅಷ್ಟೇ ಇತ್ತು. ಆದ್ದರಿಂದ ಯಾರೂ ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

ಅಡುಗೆ ಗ್ಯಾಸ್ ಮನೆಮನೆಗೆ ಹಾಕುವ ಗಾಳೇಶ ಅದೇ ದಾರಿಯಲ್ಲಿ ಬರುತ್ತಿದ್ದ. ಜನ ಅವನನ್ನು ಹಿತ್ತಲಿಗೆ ನೂಕಿದರು. ಅವನು ಟಬ್ಬನ್ನು ಬಾಗಿಲಿನಿಂದಲೇ ಪರೀಕ್ಷಿಸಿದ.

"ಇದು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಇದರ ಬುಕ್ ಎಲ್ಲೈತಿ?"

"ಬುಕ್ ಇಲ್ಲಪಾ," ಎಂದ ಪ್ರಭುರಾಜ.

"ಬುಕ್ ಇಲ್ಲಂದ್ರ ಇದು ಗ್ಯಾಸ ಅಲ್ರಿ. ಗ್ಯಾಸ ಅಲ್ಲಂದ್ರ ಇದು ಸೋರಾಕ ಬರಂಗಿಲ್ಲ," ಎಂದು ತೀರ್ಪು ಕೊಟ್ಟು ಗಾಳೇಶ ನಾಲ್ಕು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಪೊಲೀಸ್ ಪೇದೆ ಕನಕಪ್ಪ ಬಂದ. ಮಂಜಿನೊಳಗಿಂದ ಕೊಳವೆಯೊಂದು ಇಣುಕುವುದನ್ನು ನೋಡಿ ಟೋಪಿ ಸರಿ ಮಾಡಿಕೊಂಡ. "ಏನ್ರಿ ಇದು? ಬಂದೂಕೋ, ಗ್ಯಾಸೋ? ಬಂದೂಕಾದ್ರ ನಾ ಜಪ್ತಿ ಮಾಡಬೇಕು. ಗ್ಯಾಸಾದ್ರ ಇವ ಒಯ್ಯಬೇಕು."

"ಎರಡೂ ಸ್ವಲ್ಪ ಸ್ವಲ್ಪ ಐತ್ರಿ," ಎಂದ ಪ್ರಭುರಾಜ ಪ್ರಾಮಾಣಿಕವಾಗಿ.

ಕನಕಪ್ಪ ಗಾಳೇಶನನ್ನು ನೋಡಿದ. ಗಾಳೇಶ ಕನಕಪ್ಪನನ್ನು ನೋಡಿದ.

"ನೀ ಮೊದಲ ಹೋಗು," ಎಂದ ಕನಕಪ್ಪ.

"ಇಲ್ರಿ, ಸರ್ಕಾರ ಮೊದಲು," ಎಂದ ಗಾಳೇಶ.

ಇಬ್ಬರೂ ಇಂಥ ಸೌಜನ್ಯದಲ್ಲಿ ಇರುವಾಗ ಯಲಬುರ್ಗಾದ ವಾಹನ ಓಣಿಯ ಬಾಯಿಗೆ ಬಂತು. ದ್ಯಾಮಣ್ಣ ಎರಡೂ ಕೈ ಅಗಲಿಸಿ ಅಡ್ಡ ನಿಂತು ಇಂಜಿನ್ ಬಂದ್ ಮಾಡಿಸಿದ. ಹಸಿರು ಸೀರೆ ಉಟ್ಟ ಮಹೇಶ್ವರಿ ಸೊಂಟಕ್ಕೆ ಕೈ ಕೊಟ್ಟು ಇಳಿದಳು. ಹಿಂದೆ ಇಳಕಲ್ ಸೀರೆಯ ಅವಳ ಅತ್ತೆ, ತಟ್ಟೆ, ಬುಟ್ಟಿ, ಬಳಗ. ಅತ್ತೆ ಹಿತ್ತಲ ಬಾಗಿಲಿನ ತನಕ ಬಂದು ಮೂಗರಳಿಸಿದಳು. ಅಡುಗೆಯ ಘಮ ಇರಲಿಲ್ಲ. ಫ್ಯಾನ್ ತಿರುಗುತ್ತಿರಲಿಲ್ಲ. ಬೀಗ ದೇವೇಂದ್ರಪ್ಪ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಮಂಗಳವಾರದಿಂದ ಅವನಿಗೆ ಅದು ರೂಢಿಯಾಗಿಬಿಟ್ಟಿತ್ತು.

"ಅಪ್ಪಾ, ಹಣ್ಣು?" ಎಂದಳು ಮಹೇಶ್ವರಿ.

ಎಲ್ಲರೂ ತಲೆ ಎತ್ತಿದರು. ಮೇಲೆ ಎರಡು ಗೊಂಚಲು ಬಂಗಾರದ ಬಣ್ಣಕ್ಕೆ ತಿರುಗಿ ತೂಗುತ್ತಿದ್ದವು. ಒಂದಕ್ಕೂ ಹಲ್ಲಿನ ಗುರುತಿಲ್ಲ.

"ಮಂಗ್ಯಾ ಮುಟ್ಟಿಲ್ಲವಾ," ಎಂದ ದೇವೇಂದ್ರಪ್ಪ.

"ಮತ್ತ ಕಿತ್ತು ಕೊಡ್ರಿ."

ಎಲ್ಲರೂ ತಲೆ ತಗ್ಗಿಸಿದರು. ಕೆಳಗೆ ಟಬ್ಬು ಬುಸುಗುಡುತ್ತಿತ್ತು. ಗಿಡವನ್ನು ಕಾಯಲು ಬಂದ ಯಂತ್ರ ತನ್ನ ಕೆಲಸವನ್ನು ಈಗ ಮಂಗ ಮನುಷ್ಯ ಭೇದವಿಲ್ಲದೆ ಮಾಡುತ್ತಿತ್ತು.

"ನಮ್ಮ ಸೊಸಿ ಉಪವಾಸ ಕುಬಸ ಮಾಡಿಸ್ಕೊಳ್ಳಾಕ ಬಂದಾಳೇನ್ರಿ ಬೀಗರ?" ಎಂದಳು ಇಳಕಲ್ ಸೀರೆಯಾಕೆ. "ಒಲಿ ಇಲ್ಲ, ಹಣ್ಣಿಲ್ಲ. ಹಿಂಗಂತ ಮೊದಲ ಹೇಳಿದ್ರ ಬುತ್ತಿ ಕಟ್ಕೊಂಡ ಬರ್ತಿದ್ದಿವಿ."

ಹಂಪವ್ವನ ಮುಖ ಬಿಳಿಚಿತು. ಲಲಿತಾ ಗಂಡನ ಕಡೆ ನೋಡಿದಳು. ಬೈದಿದ್ದರೆ ಪ್ರಭುರಾಜ ಅರ್ಧ ಕೇಳಿ ಸುಮ್ಮನಾಗುತ್ತಿದ್ದ. ಅವಳು ಒಳಗೆ ಹೋಗಿ, ಅವನಿಗೆಂದು ಬೆಳಿಗ್ಗೆ ತೊಳೆದಿಟ್ಟ ಕಪ್ಪು-ಬಸಿಯನ್ನು ಎತ್ತಿ ಮತ್ತೆ ಮೇಲಿನ ಹಲಗೆಯ ಮೇಲಿಟ್ಟಳು. ಹಿತ್ತಲಿಗೆ ಆ ಸದ್ದು ಕೇಳಿಸಿತು.

ಪ್ರಭುರಾಜ ಗೋವಿಂದರಾಜನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ.

"ಮಲಗಿಸಿದ್ಯೇನ?" ಎಂದಿತು ಫೋನು.

"ಮಲಗಿಸಿದೆ."

"ಹೇಳಿದ್ದೆನಲ್ಲೋ ಮಾರಾಯಾ!"

"ಅರ್ಧ ಹೇಳಿದ್ದಿ."

"ಪೂರ್ತಿ ಹೇಳಿದ್ದೆ. ಎಮ್ಮಿ ಸಾಕ್ಷಿ ಐತಿ. ಈಗ ಕೇಳು. ಬರಿಗೈಲೆ ಮುಟ್ಟಬ್ಯಾಡ, ತೊಗಲು ಕಿತ್ತು ಬರ್ತೈತಿ. ಕೌದಿ ಸುತ್ತಿ ಎತ್ತಿ ನೆಟ್ಟಗ ನಿಲ್ಲಿಸು. ನೀರಾಗಿದ್ದ ಗ್ಯಾಸು ರೆಗ್ಯುಲೇಟರ್ ಒಳಗ ಹೋಗಿ ಹೆಪ್ಪುಗಟ್ಟೈತಿ, ಅದಕ ವಾಲ್ವು ಮುಚ್ಚವಲ್ದು. ನಿಲ್ಲಿಸಿದ್ರ ತಾನ ಸಮಾಧಾನ ಆಕೈತಿ. ಬಯಲಾಗ ಐತಿ, ಚಿಂತಿಲ್ಲ. ಬೆಂಕಿ ಹತ್ತೋ ಗ್ಯಾಸ ಅಲ್ಲ ಅದು, ಬೆಂಕಿ ಆರಿಸೋ ಗ್ಯಾಸು. ಸೋಡಾದಾಗ ಹಾಕ್ತಾರಲ್ಲ, ಅದ."

ಪ್ರಭುರಾಜ ಕೊನೆಯ ತನಕ ಕೇಳಿದ. ಕೇಳಿಸಿಕೊಳ್ಳುವಾಗ ಅವನ ಬಾಯಿ ತೆರೆದೇ ಇತ್ತು. ಪೂರ್ತಿ ಮಾತು ಇಷ್ಟು ಉದ್ದವಿರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

"ಫೋನಿನ್ಯಾಗ ಯಾರ ಬೇಕಾದ್ರೂ ಹೇಳ್ತಾರ," ಎಂದ ದ್ಯಾಮಣ್ಣ. "ಬೆಂಕಿ ಹಚ್ಚಿ ತೋರಿಸಲಿ. ಆಮ್ಯಾಲ ಫ್ಯೂಸ್ ಹಾಕ್ತೀನಿ."

ಹತ್ತಿರದಲ್ಲಿ ಸಿದ್ಧವಿದ್ದ ದೀಪವೆಂದರೆ ಕುಬಸದ ಆರತಿ ತಟ್ಟೆಯದೊಂದೇ. ಪ್ರಭುರಾಜ ಅದನ್ನು ಎತ್ತಿಕೊಂಡು ಓಣಿಯ ಬಾಯಿಗೆ ಹೋಗಿ ಕಡ್ಡಿ ಗೀರಿದ. ಜನ ಒಂದು ಮನೆಯಷ್ಟು ಹಿಂದೆ ಸರಿದರು. ಅವನು ದೀಪಕ್ಕೆ ಕೈ ಮರೆ ಮಾಡಿಕೊಂಡು ಹಿತ್ತಲಿಗೆ ನಡೆದ. ಸೋಡಾ ಗ್ಯಾಸು ಉರಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಇಷ್ಟು ಜನ ಹೆದರಿರುವುದನ್ನು ನೋಡಿ, ತನಗೆ ಗೊತ್ತಿರುವುದು ಎಲ್ಲಾದರೂ ಅರ್ಧ ಮಾತ್ರವೇನೋ ಎಂಬ ಅನುಮಾನ ಬದುಕಿನಲ್ಲಿ ಮೊದಲ ಬಾರಿಗೆ ಅವನನ್ನು ಹೊಕ್ಕಿತು. ಟಬ್ಬಿನ ಬಳಿ ಬಗ್ಗಿದ. ಕಣ್ಣು ಮುಚ್ಚಿ ದೀಪವನ್ನು ಕೆಳಗಿಳಿಸಿದ.

ಏನೂ ಆಗಲಿಲ್ಲ.

ಕಣ್ಣು ತೆರೆದ. ದೀಪ ಆರಿತ್ತು.

ಜನ ಬಿಗಿಹಿಡಿದ ಉಸಿರು ಬಿಟ್ಟರು. ಬಿಟ್ಟ ಉಸಿರು ಮುಗಿಯುವ ಮೊದಲೇ ಇಳಕಲ್ ಸೀರೆಯಾಕೆ ಎದೆ ಬಡಿದುಕೊಂಡಳು. "ಆರತಿ ದೀಪ ಆರಿತಲ್ರೀ! ಕುಬಸದ ದಿನ!"

ಗ್ಯಾಸಿಗೆ ಹೆದರದವರೂ ಇದಕ್ಕೆ ಹೆದರಿದರು. ಆಗ ಹಂಪವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಆರತಿ ಇನ್ನೂ ಎತ್ತೇ ಇಲ್ಲಲ್ರಿ ಬೀಗತ್ಯಾರ. ಎತ್ತೋತನಕ ಅದು ಬರೇ ದೀಪ. ಮನ್ಯಾಗ ದಿನಾ ಎಷ್ಟ ದೀಪ ಆರ್ತಾವ, ಎಲ್ಲಾಕೂ ಎದಿ ಬಡಕೊಂತೀರೇನು?"

ಹಂಪವ್ವ ದೀಪವನ್ನು ಮತ್ತೆ ಹೊತ್ತಿಸಿದಳು. ಅಪಶಕುನವಲ್ಲ ಎಂದು ತೋರಿಸಲು ತಾನೇ ಟಬ್ಬಿನ ಮೇಲೆ ಹಿಡಿದಳು. ದೀಪ ಉರಿಯಿತು. ಸ್ವಲ್ಪ ಕೆಳಗಿಳಿಸಿದಳು. ಉರಿಯಿತು. ಅಂಚು ದಾಟಿತು, ಪಕ್ ಎಂದು ಆರಿತು. ಮತ್ತೆ ಹೊತ್ತಿಸಿ ಇಳಿಸಿದಳು. ಅದೇ ಜಾಗದಲ್ಲಿ ಆರಿತು. ಮಂಜು ತೆಳುವಾಗಿ, ಬುಡದ ನೀರಿನಿಂದ ಮೇಲೆ ಖಾಲಿ ಕಾಣುವ ಟಬ್ಬಿನೊಳಗೆ ಅವಳು ಬಗ್ಗಿ ನೋಡಿದಳು.

"ಕಣ್ಣಿಗೆ ಕಾಣಂಗಿಲ್ಲ," ಎಂದಳು ಮೆಲ್ಲಗೆ. "ಆದ್ರ ಇದರ ತುಂಬ ಏನೋ ತುಂಬೇತಿ ನೋಡ್ರಿ. ಬಾವ್ಯಾಗಿನ ನೀರಿನಂಗ. ದೀಪ ಮುಣಗತೈತಿ."

"ಎಲ್ಲಿ, ನಾ ನೋಡ್ತೀನಿ," ಎಂದು ಗಾಳೇಶ ಲೈಟರ್ ತೆಗೆದ. ಅದೂ ಮುಳುಗಿತು. ಕನಕಪ್ಪ ಕಡ್ಡಿ ಗೀರಿದ. ಮುಳುಗಿತು. ಬುಕ್ಕಿನ ಮಾತೂ ಜಪ್ತಿಯ ಮಾತೂ ಅಲ್ಲಿಗೆ ಮರೆತುಹೋದವು. ಓಣಿಯ ಬಾಯಲ್ಲಿದ್ದವರು ಹಿತ್ತಲಿಗೆ ನುಗ್ಗಿದರು. ಮನೆಯಿಂದ ಮೇಣದಬತ್ತಿ ಬಂದವು, ಊದುಬತ್ತಿ ಬಂದವು, ಚರಂಡಿಗೆ ಎಸೆದವರು ಹೊಸ ಬೀಡಿ ತಂದರು. ಪ್ರಭುರಾಜ ಕೌದಿ ಸುತ್ತಿ ಸಿಲಿಂಡರನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಬುಸ್ಸು ಇಳಿಯುತ್ತ ಇಳಿಯುತ್ತ ಮುಲುಕಾಯಿತು. ಆದರೆ ಟಬ್ಬಿನ ಕಾಣದ ಬಾವಿ ಇನ್ನೂ ತುಂಬಿತ್ತು.

"ಸರ್ತಿ ಪ್ರಕಾರ ಬರ್ರಿ! ನೂಕಬ್ಯಾಡ್ರಿ! ಗಾಳಿ ಅಲಗಾಡಿಸಿದ್ರ ಚೆಲ್ಲತೈತಿ!" ಎಂದು ದ್ಯಾಮಣ್ಣ ಟಬ್ಬಿನ ಒಡೆತನ ವಹಿಸಿಕೊಂಡ. ಇಳಕಲ್ ಸೀರೆಯಾಕೆ ಕರ್ಪೂರದ ತಟ್ಟೆ ಹಿಡಿದು ಸಾಲಿನ ನಡುವೆ ತೂರಿದಳು. "ಬೀಗರು ಮೊದಲ್ರಿ! ದೂರದಿಂದ ಬಂದೀವಿ!" ಕರ್ಪೂರ ಆರಿದಾಗ ಅವಳು ಚಪ್ಪಾಳೆ ತಟ್ಟಿದಳು. ಎದೆ ಬಡಿದುಕೊಂಡದ್ದು ಅವಳಿಗೆ ನೆನಪೇ ಇದ್ದಂತಿರಲಿಲ್ಲ.

ಫ್ಯೂಸು ಬಂತು. ಒಲೆಗಳು ಹೊತ್ತಿದವು. ಹೂರಣದ ಘಮ ಹಿತ್ತಲಿಗೆ ತಲುಪಿದಾಗಲೇ ಲಲಿತಾಗೆ ನೆನಪಾಯಿತು. "ಮಹೇಶ್ವರಿ ಎಲ್ಲಿ?"

ಎಲ್ಲರೂ ತಿರುಗಿದರು.

ಗಿಡದ ಆಚೆ ಬದಿಯಲ್ಲಿ, ಒಗೆಯುವ ಕಲ್ಲಿನ ಮೇಲೆ ಮಹೇಶ್ವರಿ ಕುಳಿತಿದ್ದಳು. ಹಣ್ಣು ಕೀಳುವ ದೋಟಿ ಗೋಡೆಗೆ ಒರಗಿತ್ತು. ಮಡಿಲು ತುಂಬ ಹಣ್ಣು. ರಸ ಮುಂಗೈ ದಾಟಿ, ಹಸಿರು ಬಳೆ ದಾಟಿ, ಮೊಣಕೈಗೆ ಇಳಿದಿತ್ತು. ಎದುರಿನ ಗೋಡೆಯ ಮೇಲೆ ಹರಿದ ಕಿವಿಯ ಮಂಗ ಕುಳಿತು, ಅವಳೇ ಕೊಟ್ಟ ಹಣ್ಣೊಂದನ್ನು ಎರಡೂ ಕೈಯಲ್ಲಿ ಹಿಡಿದು ಚೀಪುತ್ತಿತ್ತು. ಇಬ್ಬರೂ ತಿನ್ನುತ್ತ ತಿನ್ನುತ್ತ, ಟಬ್ಬಿನ ಸುತ್ತ ಸೇರಿದ ಜನರನ್ನು ಒಂದೇ ಬಗೆಯ ಕುತೂಹಲದಿಂದ ನೋಡುತ್ತಿದ್ದರು.

"ಭಾಳ ಛಲೋ ಅದಾವ್ರಿ ಮಾಮಾ," ಎಂದಳು ಮಹೇಶ್ವರಿ. "ಗಿಡದಾಗ ಹಣ್ಣಾಗಿದ್ದಂದ್ರ ಹಿಂಗಿರಬೇಕು."

ಪ್ರಭುರಾಜನ ಎದೆ ಉಬ್ಬಿತು. ದೇವೇಂದ್ರಪ್ಪ ತನ್ನ ಎದೆಯಿಂದ ಕೈ ತೆಗೆದ. "ಲಲಿತಾ, ಅಳಿಯಾರಿಗೆ ಚಾ ತಾ," ಎಂದು ಕೂಗಿ, ಸ್ವಲ್ಪ ತಡೆದು, "ಕಪ್ಪು-ಬಸ್ಯಾಗ," ಎಂದ.

ಮಹೇಶ್ವರಿ ಗೊರಟೆಯನ್ನು ಕೊನೆಯದಾಗಿ ಚೀಪಿ ಕೆಳಗಿಟ್ಟಳು. "ಮಾಮಾ, ಅದರಾಗಿಂದು ಖರೇನ ಸೋಡಾದ ಗ್ಯಾಸೇನ್ರಿ?"

"ಹೂನವಾ. ಗಂಗಾವತಿ ಮುಷರಫ ಭಾಯಿ ಅಂಗಡೀದು."

ಮಹೇಶ್ವರಿ ಕಣ್ಣು ಮುಚ್ಚಿದಳು. ಅವಳ ಗಂಟಲು ಒಮ್ಮೆ ಆಡಿತು. ಹಿತ್ತಲಿನಲ್ಲಿದ್ದ ಹೆಂಗಸರೆಲ್ಲ ಆ ಮುಖದ ಅರ್ಥ ತಿಳಿದು ಒಬ್ಬರನ್ನೊಬ್ಬರು ನೋಡಿಕೊಂಡರು.

"ನನಗ ಸೋಡಾ ಬೇಕು," ಎಂದಳು. "ಗೋಲಿ ಸೋಡಾ. ಆ ಅಂಗಡೀದ. ಇವತ್ತ."

"ಅದರಾಗೇನೈತಿ?" ಎಂದ ಪ್ರಭುರಾಜ, ಬೇರೆ ಯಾರೂ ಬಾಯಿ ತೆರೆಯುವ ಮೊದಲು.

ಆರತಿ ಎತ್ತಿದ್ದಾಯಿತು. ದೀಪ ಆರಲಿಲ್ಲ. ಊಟ ಮುಗಿಸಿ ಕೈ ತೊಳೆದವನೇ ಅವನು ಬಸ್ಸಿಗೆ ಓಡಿದ. ಮಹೇಶ್ವರಿ ಹೊಸ್ತಿಲ ತನಕ ಬಂದು ಕೂಗಿ ಏನೋ ಹೇಳಿದಳು. ಅವನು ಓಡುತ್ತಲೇ ಕೈ ಎತ್ತಿದ.

ಗಂಗಾವತಿಯ ತನಕ ಸಿಲಿಂಡರನ್ನು ಎರಡು ಮೊಣಕಾಲಿನ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು, ಅದರ ಕೊರಳಿಗೆ ಕೈ ಹಾಕಿ ಕುಳಿತ. ತಗ್ಗು ಬಂದಾಗಲೆಲ್ಲ ಎದೆಗೆ ಒತ್ತಿಕೊಂಡ. ಕನಕಗಿರಿಯಲ್ಲಿ ಹತ್ತಿದ ಮುದುಕಿಯೊಬ್ಬಳು, "ಮಲಗಿಸಬಾರದೇನಪಾ, ಆರಾಮ ಕುಂದರಬಹುದಲ್ಲ," ಎಂದಾಗ, "ಬ್ಯಾಡ್ರಿ ಯವ್ವಾ, ನೀರು ರೆಗ್ಯುಲೇಟರ್ ಒಳಗ ನುಗ್ಗತೈತಿ," ಎಂದು ಹಿಟ್ಟು ನಾದಿದಂತೆ ನಿಧಾನವಾಗಿ, ಪೂರ್ತಿಯಾಗಿ ವಿವರಿಸಿದ. ಮುದುಕಿ ಅರ್ಧಕ್ಕೇ ನಿದ್ದೆ ಹೋದಳು.

ಮುಷರಫ ಎಂದಿನಂತೆ ಮುಖ ನೋಡಲಿಲ್ಲ.

"ಸಾದಾನೋ, ಲಿಂಬುನೋ?"

ಪ್ರಭುರಾಜ ಬಾಯಿ ತೆರೆದ. ಮಹೇಶ್ವರಿ ಹೊಸ್ತಿಲಲ್ಲಿ ನಿಂತು ಹೇಳಿದ್ದು ಇದೇ ವಿಷಯ. ಲಿಂಬು ಎಂಬ ಮಾತು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಲಿಂಬು ಇರಲಿ ಎಂದಳೋ, ಲಿಂಬು ಬ್ಯಾಡ ಎಂದಳೋ?